ಇನ್ಸುಲಿನ್ನು, ಕಾಫಿ ಮತ್ತು ಮಿಷನ್ ಆಸ್ಪತ್ರೆಯ ರಿಜಿಸ್ಟರು

ನಮ್ಮ ಮೈಸೂರಲ್ಲಿ 'ಶುಗರ್ ಎಷ್ಟಿದೆ?' ಅಂತ ಕೇಳೋದು 'ಊಟ ಆಯ್ತಾ?' ಅಂತ ಕೇಳಿದಷ್ಟೇ ಸಹಜ ಆಗಿಬಿಟ್ಟಿದೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿ ನೋಡಿ, ಫಾಸ್ಟಿಂಗು, ಪೋಸ್ಟ್ ಪ್ರಾಂಡಿಯಲ್ಲು ಎಲ್ಲಾ ಕಿವಿಗೆ ಬೀಳುತ್ತೆ. ಆದ್ರೆ ಇನ್ಸುಲಿನ್ ಎಷ್ಟಿದೆ ಅಂತ ಯಾರೂ ಕೇಳಲ್ಲ. ಇನ್ಸುಲಿನ್ ಅಂದ್ರೆ ಚುಚ್ಚಿಕೊಳ್ಳೋ ಮದ್ದು, ಅಷ್ಟೇ. ಅದನ್ನು ಮೈಯೇ ತಯಾರು ಮಾಡುತ್ತೆ, ರಕ್ತದಲ್ಲಿ ಅಳೆಯಲೂಬಹುದು ಅನ್ನೋ ವಿಷಯ ನಮ್ಮನೆಗೆ ಕಾಲಿಟ್ಟಿದ್ದು ಅಕ್ಕನ ಮಗಳ ರಿಪೋರ್ಟಿನ ಜೊತೆ. (ಬರಿ ಮಾಮ, ನನ್ನ ಹೆಸರು ಮಾತ್ರ ಹಾಕ್ಬೇಡ ಅಂದಿದ್ದಾಳೆ :))

ಹುಡುಗಿಗೆ ಇಪ್ಪತ್ನಾಲ್ಕು. ಮುಟ್ಟು ತಿಂಗಳು ತಪ್ಪುತ್ತಿತ್ತು, ಕತ್ತಿನ ಹಿಂದೆ ಎಷ್ಟು ಉಜ್ಜಿದರೂ ಹೋಗದ ಕಪ್ಪು. ಡಾಕ್ಟ್ರು ಖಾಲಿ ಹೊಟ್ಟೆಯ ಸಕ್ಕರೆ, ಇನ್ಸುಲಿನ್ ಎರಡನ್ನೂ ಬರೆದುಕೊಟ್ಟರು. ಸಕ್ಕರೆ 92. ಇನ್ಸುಲಿನ್ 27, ಅದೂ ದಪ್ಪಕ್ಷರದಲ್ಲಿ. ಪಕ್ಕದಲ್ಲಿ 2.6 ರಿಂದ 24.9 ಅಂತ ಮಿತಿ. ಅಮ್ಮ ಕನ್ನಡಕ ಏರಿಸಿ ನೋಡಿ, "ಸಕ್ಕರೆ ಸರಿಯಾಗೇ ಇದೆಯಲ್ಲೋ, ಇನ್ನೇನು?" ಅಂದ್ರು. ಅಕ್ಕ ಮಾತೇ ಆಡಲಿಲ್ಲ.

ಅಮ್ಮನಿಗೆ ನಾನು ಹೇಳಿದ್ದು ಹೀಗೆ. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನೂಕುನುಗ್ಗಲು ಆಗಲಿಲ್ಲ ಅಂದ್ರೆ ಜನ ಕಮ್ಮಿ ಇದ್ರು ಅಂತಲ್ಲ, ಪೊಲೀಸರು ಜಾಸ್ತಿ ನಿಂತಿದ್ರು ಅಂತ. ಸಕ್ಕರೆ ಪರೀಕ್ಷೆ ನೂಕುನುಗ್ಗಲನ್ನು ಮಾತ್ರ ನೋಡುತ್ತೆ, ಇನ್ಸುಲಿನ್ ಪರೀಕ್ಷೆ ಪೊಲೀಸರ ತಲೆ ಎಣಿಸುತ್ತೆ. ಮೈ ಇನ್ಸುಲಿನ್ ಮಾತು ಕೇಳದೇ ಇದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಕಳಿಸಿ ಸಕ್ಕರೆಯನ್ನು ಹತೋಟಿಯಲ್ಲಿ ಇಟ್ಟಿರುತ್ತೆ. ಎಷ್ಟೋ ವರ್ಷ ಹೀಗೇ ನಡೆಯಬಹುದು. ಗ್ರಂಥಿ ಸುಸ್ತಾದ ಮೇಲೆ ಇನ್ಸುಲಿನ್ ಇಳಿಯುತ್ತೆ, ಸಕ್ಕರೆ ಏರುತ್ತೆ. ಅಂದ್ರೆ ಇನ್ಸುಲಿನ್ ಕಮ್ಮಿ ಬಂತು ಅಂತ ಖುಷಿ ಪಡೋ ಹಾಗೂ ಇಲ್ಲ! ಸಕ್ಕರೆ ಜೊತೆಗಿಟ್ಟು ಓದದಿದ್ರೆ ಆ ಸಂಖ್ಯೆಗೆ ಅರ್ಥವೇ ಇಲ್ಲ.

ಎರಡನ್ನೂ ಕೂಡಿಸಿ ಓದೋಕೆ 1985ರಲ್ಲಿ ಆಕ್ಸ್‌ಫರ್ಡಿನವರು ಹೋಮಾ ಅನ್ನೋ ಲೆಕ್ಕ ಕೊಟ್ಟರು. ಸಕ್ಕರೆಯನ್ನು ಇನ್ಸುಲಿನ್ನಿಂದ ಗುಣಿಸಿ 405ರಿಂದ ಭಾಗಿಸೋದು. ಇವಳದ್ದು 6 ದಾಟಿತ್ತು. ಇಷ್ಟರ ಮೇಲಿದ್ರೆ ತೊಂದರೆ ಅಂತ ಎಲ್ಲರೂ ಒಪ್ಪಿದ ಗೆರೆಯೇನೂ ಇಲ್ಲ, ಆದ್ರೆ 6 ಅಂದ್ರೆ ಜಾಸ್ತಿನೇ.

ಡಾಕ್ಟ್ರು ಮಾತ್ರ ಗಾಬರಿ ಆಗಲಿಲ್ಲ. "ಬೆಳಗ್ಗೆ ಏನಾದ್ರೂ ತಗೊಂಡಿದ್ಯೇನಮ್ಮ?" ಅಂತ ಕೇಳಿದ್ರು. ಏನೂ ಇಲ್ಲ ಡಾಕ್ಟ್ರೇ, ಕಾಫಿ ಅಷ್ಟೇ... ನಮ್ಮೂರಲ್ಲಿ ಕಾಫಿ ಯಾವತ್ತು ಆಹಾರದ ಲೆಕ್ಕಕ್ಕೆ ಬಂದಿದೆ ಹೇಳಿ! ಸಕ್ಕರೆ ಹಾಕಿದ ಅರ್ಧ ಲೋಟ ಸಾಕು, ಇನ್ಸುಲಿನ್ ನಿಮಿಷಗಳಲ್ಲಿ ಮೇಲೇಳುತ್ತೆ. ಇನ್ನೊಂದು, ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದಳು. ಕೆಲವು ಯಂತ್ರಗಳಲ್ಲಿ ಬಯೋಟಿನ್ ಇದ್ದ ರಕ್ತ ಇನ್ಸುಲಿನ್ನನ್ನು ಇರೋದಕ್ಕಿಂತ ಕಮ್ಮಿ ತೋರಿಸುತ್ತೆ. ರಕ್ತ ತೆಗೆಯುವಾಗ ಕೆಂಪು ಕಣ ಒಡೆದರೂ ಅಷ್ಟೇ, ಅದರೊಳಗಿನ ಕಿಣ್ವ ಇನ್ಸುಲಿನ್ನನ್ನು ತಿಂದುಹಾಕುತ್ತೆ. ಒಂದು ಲ್ಯಾಬಿನ ಸಂಖ್ಯೆಯನ್ನು ಇನ್ನೊಂದು ಲ್ಯಾಬಿನದಕ್ಕೆ ಹೋಲಿಸೋದೂ ಕಷ್ಟ. ಮಾತ್ರೆ ನಿಲ್ಲಿಸಿ, ರಾತ್ರಿಯಿಂದ ನೀರು ಬಿಟ್ಟು ಏನೂ ಇಲ್ಲದೆ, ಅದೇ ಲ್ಯಾಬಿಗೆ ಮತ್ತೆ ಹೋದಳು. ಸಕ್ಕರೆ 90, ಇನ್ಸುಲಿನ್ 18. ಈ ಸಲ ದಪ್ಪಕ್ಷರ ಇಲ್ಲ. ಆದ್ರೆ ಗುಣಿಸಿ ಭಾಗಿಸಿದ್ರೆ 4. ದಪ್ಪಕ್ಷರ ಇಲ್ಲ ಅಂತ ಫೈಲು ಮುಚ್ಚಿಡೋರು ಇಲ್ಲೇ ಎಡವೋದು. ಸಕ್ಕರೆ ಕಾಯಿಲೆ ಇದೆಯೋ ಇಲ್ವೋ ಅಂತ ತೀರ್ಮಾನ ಮಾಡೋದು ಸಕ್ಕರೆ ಪರೀಕ್ಷೆಗಳಿಂದಲೇ, ಇದರಿಂದಲ್ಲ. ಇವಳಿಗೆ ಕಾಯಿಲೆ ಇಲ್ಲ. ಪೊಲೀಸರು ಮಾತ್ರ ಜಾಸ್ತಿ ನಿಂತಿದಾರೆ. ನಡಿಗೆ, ತೂಕ, ರಾತ್ರಿಯ ಅನ್ನ, ಎಲ್ಲದರ ಬಗ್ಗೆ ಡಾಕ್ಟ್ರು ಹೇಳಿ ಕಳಿಸಿದರು.

ಮನೆಗೆ ಬಂದ ಮೇಲೆ ಅಕ್ಕ ಕೊನೆಗೂ ಬಾಯಿ ಬಿಟ್ಟಳು. "ನನ್ನಿಂದಲೇ ಬಂತೇನೋ ಇದು?" ಇವಳು ಹೊಟ್ಟೆಯಲ್ಲಿದ್ದಾಗ ಅಕ್ಕನಿಗೆ ಬಸುರಿನ ಸಕ್ಕರೆ ಇತ್ತು. ಹೆರಿಗೆ ಆದ ಮೇಲೆ ಹೋಯ್ತು ಅಂದ್ರು, ಎಲ್ಲರೂ ಮರೆತೆವು.

ಈ ಪ್ರಶ್ನೆಯನ್ನು ಜಗತ್ತಿನಲ್ಲೇ ಚೆನ್ನಾಗಿ ಕೇಳಿದ ಊರುಗಳಲ್ಲಿ ನಮ್ಮದೂ ಒಂದು, ಗೊತ್ತಾ? ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಆ ರಿಜಿಸ್ಟರು ಹಿಡಿದು ದೊಡ್ಡವರಾದ 506 ಜನರನ್ನು ಪರೀಕ್ಷಿಸಿ, ಕೆರೊಲಿನ್ ಫಾಲ್ ಮತ್ತು ಸಂಗಡಿಗರು 1998ರಲ್ಲಿ ಬರೆದರು. ಇಂಗ್ಲೆಂಡಿನಲ್ಲಿ ಹುಟ್ಟುವಾಗ ಕಮ್ಮಿ ತೂಕ ಇದ್ದವರಿಗೆ ಸಕ್ಕರೆ ಕಾಯಿಲೆ ಹೆಚ್ಚು ಅಂತ ಕಂಡಿದ್ರೆ, ಇಲ್ಲಿ ಗಿಡ್ಡಗೆ ದಪ್ಪಗೆ ಹುಟ್ಟಿದವರಿಗೆ, ತಾಯಿಯ ತೂಕ ಜಾಸ್ತಿ ಇದ್ದವರಿಗೆ ಹೆಚ್ಚು. ಬಸುರಿನ ಸಕ್ಕರೆಯೇ ಕಾರಣ ಇರಬಹುದಾ ಅಂತ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಶುರುವಾಯ್ತು. ಡಾ. ಕೃಷ್ಣವೇಣಿಯವರ ತಂಡ ಆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಬಸುರಿನ ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ, ಗ್ಲೂಕೋಸ್ ಕುಡಿಸಿದ ಅರ್ಧ ಗಂಟೆಗೆ, ಇನ್ಸುಲಿನ್ ಜಾಸ್ತಿ ಇತ್ತಂತೆ.

ಇದನ್ನು ಅಕ್ಕನಿಗೆ ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹೇಳಿದೆ. ಯಾಕಂದ್ರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಅದು ತಾಯಂದಿರದ್ದು. ಬಸುರಿನ ಸಕ್ಕರೆ ಇದ್ದವರಲ್ಲಿ ಐದೇ ವರ್ಷದಲ್ಲಿ ನೂರಕ್ಕೆ 37 ಜನಕ್ಕೆ ಸಕ್ಕರೆ ಕಾಯಿಲೆ ಬಂದಿತ್ತು. ಉಳಿದವರಲ್ಲಿ ನೂರಕ್ಕೆ 2. ಅಕ್ಕ ಬೇಕು ಅಂತ ತಂದುಕೊಂಡ ಕಾಯಿಲೆಯಲ್ಲ, ಯಾರೂ ಅವಳಿಗೆ ಮುಂದೆ ನೋಡಿಸ್ಕೋ ಅಂತ ಹೇಳಿರಲೂ ಇಲ್ಲ. ಮಗಳ ರಿಪೋರ್ಟನ್ನು ಎರಡೆರಡು ಸಲ ಮಾಡಿಸಿದವಳು ತನ್ನದನ್ನು ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ಸಲವೂ ಮಾಡಿಸಿಲ್ಲ.

"ನಂಗೇನಾಗಿದೆ, ಚೆನ್ನಾಗೇ ಇದೀನಲ್ಲ" ಅಂದಳು. ಮಗಳು ಕೇಳಲಿಲ್ಲ. ನಿನ್ನೆ ಬೆಳಗ್ಗೆ ಆರೂವರೆಗೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ರಕ್ತ ಕೊಡಿಸಿ ಬಂದಿದ್ದಾಳೆ. ರಿಪೋರ್ಟು ಸೋಮವಾರ ಬರುತ್ತೆ.