ಗೆರೆಗಳ ನಡುವಿನ ಸುಳ್ಯ

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೊರಟವರಿಗೆ ಸುಳ್ಯವೆಂದರೆ ಒಂದು ಚಹಾದ ಹೊತ್ತು. ಉದ್ದನೆಯ ಪೇಟೆ, ಪಯಸ್ವಿನಿ ಹೊಳೆ, ಸುತ್ತ ಅಡಿಕೆ, ರಬ್ಬರು. ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದರೆ ಅರೆಭಾಷೆ, ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತವೆ. ಇಷ್ಟು ಚಿಕ್ಕ ಊರಿಗೆ ಇಷ್ಟೊಂದು ನುಡಿಗಳೇಕೆ? ಊರು ಸದಾ ಯಾರದೋ ಅಂಚಾಗಿದ್ದುದೂ ಅದಕ್ಕೊಂದು ಕಾರಣ.

1834ರಲ್ಲಿ ಅಮರಸುಳ್ಯ ಸೀಮೆ ಕೊಡಗಿನ ಅರಸರದಾಗಿತ್ತು. ಆ ವರ್ಷ ಈಸ್ಟ್ ಇಂಡಿಯಾ ಕಂಪೆನಿ ಚಿಕ್ಕವೀರರಾಜೇಂದ್ರನನ್ನು ಗಾದಿಯಿಂದಿಳಿಸಿ, ಸುಳ್ಯ-ಪುತ್ತೂರಿನ ಮಾಗಣೆಗಳನ್ನು ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಅಂಟಿಸಿತು. ಅರಸರ ಕಾಲದಲ್ಲಿ ಕಂದಾಯಕ್ಕೆ ಬೆಳೆ ಅಳೆದರೆ ಆಗುತ್ತಿತ್ತು. ಕಂಪೆನಿಗೆ ನಗದೇ ಬೇಕು. ಭತ್ತ ಬೆಳೆಯುವವನ ಕೈಗೆ ನಗದು ಬರುವುದೆಲ್ಲಿಂದ? ಸಾಲ ಕೊಡುವವನ ಅಂಗಳವೇ ಗತಿ. ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರವೂ ಕಂಪೆನಿಯ ಮುಷ್ಟಿಯಲ್ಲಿ.

1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ರೈತರು ಎದ್ದರು. ಪುಟ್ಟಬಸಪ್ಪನೆಂಬಾತ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡಿನ ಮುಂದೆ ನಿಂತ. ಬೆಳ್ಳಾರೆಯ ಖಜಾನೆ ಕೈವಶವಾಯಿತು. ಏಪ್ರಿಲ್ 5ರಂದು ಮಂಗಳೂರೇ ಅವರದಾಯಿತು! ಬಾವುಟಗುಡ್ಡೆಯಲ್ಲಿ ಸುಮಾರು ಎರಡು ವಾರ ಅವರ ಧ್ವಜ ಹಾರಿತು. ಕಣ್ಣಾನೂರಿನಿಂದ ಸೈನ್ಯ ಬಂದ ಮೇಲೆ ಎಲ್ಲ ಮುಗಿಯಿತು. ಕಲ್ಯಾಣಸ್ವಾಮಿಗೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ ಮಡಿಕೇರಿಯಲ್ಲಿ ನೇಣಾಯಿತು. 1857ಕ್ಕೆ ಇನ್ನೂ 20 ವರ್ಷವಿತ್ತು.

ಗೆದ್ದವರು ಇದನ್ನು ದರೋಡೆ ಎಂದರು. ಜನರ ಬಾಯಲ್ಲೂ ಅದು 'ಕಲ್ಯಾಣಪ್ಪನ ಕಾಟಕಾಯಿ' ಎಂದೇ ಉಳಿಯಿತು. ಕಾಟಕಾಯಿ ಎಂದರೆ ಉಪಟಳ, ಕೊಳ್ಳೆ. ಸೋತವರ ಮಕ್ಕಳೂ ಗೆದ್ದವರ ಪದವನ್ನೇ ಬಳಸಬೇಕಾದುದು ಸೋಲಿಗಿಂತ ದೊಡ್ಡ ಸೋಲು. ಸುಳ್ಯದ ನೆಲದಲ್ಲೇ ಓದಿದ ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದು ಆ ಹೆಸರಿಗೆ ಮರ್ಯಾದೆ ತಂದರು. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರಲ್ಲಿ.

ದೂರದಲ್ಲಿ ಎಳೆದ ಗೆರೆಗಳು ಸುಳ್ಯವನ್ನು ಮತ್ತೂ ಮುಟ್ಟಿವೆ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಂತೆ ಸಿಂಹಳದ ಚಹಾತೋಟಗಳಿಂದ ಹೊರಟ ತಮಿಳು ಕುಟುಂಬಗಳು ಇಲ್ಲಿನ ಸರಕಾರಿ ರಬ್ಬರು ತೋಟಗಳಿಗೆ ಬಂದವು. ಹುಟ್ಟಿದ ದ್ವೀಪ ತಮ್ಮದಲ್ಲವೆನಿಸಿಕೊಂಡವರು ನಸುಕಿನಲ್ಲೆದ್ದು ಇಲ್ಲಿನ ಮರಗಳಿಗೆ ಗೀರು ಹಾಕಿದರು. ಪೇಟೆಯ ನುಡಿಗಳಿಗೆ ಇನ್ನೊಂದು ಸೇರಿತು.

ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ಕಟ್ಟಿದರು. ಎಂಜಿನಿಯರಿಂಗ್, ದಂತವೈದ್ಯ, ವೈದ್ಯಕೀಯ ಕಾಲೇಜುಗಳು ಹಿಂಬಾಲಿಸಿದವು. ಓದಲು ಊರು ಬಿಡುತ್ತಿದ್ದ ಕಾಲ ಹೋಯಿತು; ಈಗ ಓದಿದ ಮೇಲೆ ಬಿಡುತ್ತಾರೆ. ಸಂಪಾಜೆ, ಅರಂತೋಡಿನ ತೋಟಗಳಲ್ಲಿ ಹಳದಿ ಎಲೆರೋಗ ಅಡಿಕೆಯ ಸಿರಿಯನ್ನು ತಿನ್ನುತ್ತಿದೆ, ಖಚಿತ ಮದ್ದಿಲ್ಲ. ಹಿರಿಯರು ಒಣಗಿದ ಸಿರಿಯನ್ನೂ ಬೆಂಗಳೂರಿನ ಮಗನ ಫೋನನ್ನೂ ಒಟ್ಟಿಗೇ ಕಾಯುವಂತಾಗಿದೆ.

ಗೆರೆ ಎಳೆಯುವುದೂ ನಿಂತಿಲ್ಲ. ಸುಳ್ಯದ ಹೆಮ್ಮೆಯಾಗಿದ್ದ ಸುಬ್ರಹ್ಮಣ್ಯ ಈಗ ಹೊಸ ಕಡಬ ತಾಲೂಕಿಗೆ ಸೇರಿದೆ. ಆದರೆ 2011ರಲ್ಲಿ ಹುಟ್ಟಿದ ಅರೆಭಾಷೆ ಅಕಾಡೆಮಿಯ ಕಚೇರಿ ಇರುವುದು ಮಡಿಕೇರಿಯಲ್ಲಿ. ಆ ಮಾತನ್ನಾಡುವವರು ಘಾಟಿಯ ಮೇಲೂ ಇದ್ದಾರೆ, ಕೆಳಗೂ ಇದ್ದಾರೆ. 1834ರಲ್ಲಿ ಕಂಪೆನಿ ಸೀಮೆಯನ್ನು ಕತ್ತರಿಸಿತು, ಮಾತನ್ನು ಕತ್ತರಿಸಲಾಗಲಿಲ್ಲ. ಕೊಡಗಿನಲ್ಲಿ ಹುಟ್ಟಿದ ಪಯಸ್ವಿನಿಯೂ ಯಾರ ಅಪ್ಪಣೆ ಕೇಳದೆ ಸುಳ್ಯವನ್ನು ಹಾದು ಕಾಸರಗೋಡಿನ ಕಡಲಿಗೆ ಹೋಗುತ್ತಲೇ ಇದೆ.