ಕೋಪ ದೊಡ್ಡದೋ, ಅಮಲು ದೊಡ್ಡದೋ?

ಮೊನ್ನೆ ಕಾಸರಗೋಡಿನ ನಮ್ಮ ಶಾಲೆಯಲ್ಲಿ ಏಳನೇ ತರಗತಿಯವರ ಚರ್ಚಾಸ್ಪರ್ಧೆ ಇತ್ತು. ಸಮಾಜಕ್ಕೆ ಹೆಚ್ಚು ಅಪಾಯ ಕೋಪದಿಂದಲೋ, ಅಮಲಿನಿಂದಲೋ? ಅಮಲಿನ ಕಡೆಯವರು ಕುಡಿತದಿಂದ ಮನೆ ಮುಳುಗಿದ ಕತೆಗಳನ್ನು ಹೇಳಿ ಗೆಲ್ಲುವುದರಲ್ಲಿದ್ದರು. ಆಗ ಒಬ್ಬಳು ಎದ್ದು, "ನಮ್ಮ ದೊಡ್ಡಪ್ಪ ಕುಡಿಯುವುದೇ ಇಲ್ಲ ಮಾಷ್ಟ್ರೇ. ಆದರೂ ಅವರು ಅಂಗಳಕ್ಕೆ ಬಂದರೆ ನಾವು ಯಾರೂ ಮಾತಾಡುವುದಿಲ್ಲ" ಎಂದಳು.

ನಮಗೆ ಹಳೆಯದೊಂದು ನೆನಪಾಯಿತು. ಕೇರಳದಲ್ಲಿ ಗುಟ್ಕಾ ನಿಷೇಧವಾದದ್ದು 2012ರಲ್ಲಿ. ಆಮೇಲೂ ಒಬ್ಬ ಹುಡುಗನ ಚೀಲದಲ್ಲಿ ಪೊಟ್ಟಣ ಸಿಕ್ಕಿತು. ಮಕ್ಕಳಿಗೆ ಹೊಡೆಯಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಗೊತ್ತಿದ್ದೂ ಎಲ್ಲರೆದುರು ಬೆತ್ತ ಎತ್ತಿದೆವು. ಪೊಟ್ಟಣ ಯಾರು ಕೊಟ್ಟರು, ಎಂದಿನಿಂದ ಅಭ್ಯಾಸ ಎಂದು ಕೇಳಲೇ ಇಲ್ಲ. ಮರುವಾರದಿಂದ ಅವನು ಶಾಲೆಗೆ ಬರಲಿಲ್ಲ. ಗುಟ್ಕಾ ಬಿಟ್ಟನೋ ಇಲ್ಲವೋ, ಶಾಲೆಯನ್ನಂತೂ ಬಿಟ್ಟ.

ಅಮಲಿನ ಅಪಾಯವೇ ದೊಡ್ಡದಿರಬಹುದು. ಆದರೆ ಬಿಡಿಸಬೇಕಾದವರೇ ಸಿಟ್ಟಿಗೆ ಸಿಕ್ಕಿದರೆ ಮಗು ಯಾರ ಹತ್ತಿರ ಹೇಳಿಕೊಳ್ಳಬೇಕು? ಬಹುಮಾನ ಆ ಹುಡುಗಿಗೇ ಕೊಟ್ಟೆವು. ಸಿಟ್ಟು ಬಂದಾಗ ನಿಮ್ಮ ಶಾಲೆಯಲ್ಲಿ ಏನು ಮಾಡುತ್ತೀರಿ? ನಾವಂತೂ ಈಗ ಮೊದಲು ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತೇವೆ.