ರಾಯರ ರಾಕಾರ

ಮುಂಬಯಿಯ ಸಂಘ ಸಂಸ್ಥೆಗಳಲ್ಲಿ ಕನ್ನಡದ ಬರವಣಿಗೆ ಶುರುವಾಗುವುದೇ ರಾತ್ರಿ ಊಟದ ಮೇಲೆ. ಹಗಲೆಲ್ಲ ಬ್ಯಾಂಕು, ಹೋಟೆಲು, ಫೋರ್ಟಿನ ಕಚೇರಿ. ಸಂಜೆ ಲೋಕಲ್ ಹಿಡಿದು ಡೊಂಬಿವಲಿಗೋ ಮೀರಾರೋಡಿಗೋ ನಿಂತುಕೊಂಡೇ ಪಯಣ. ಮನೆ ಸೇರಿ, ಕೈಕಾಲು ತೊಳೆದು, ಉಂಡಾದ ಮೇಲೆ ಗೌರವ ಪ್ರಧಾನ ಕಾರ್ಯದರ್ಶಿಯಾದವರು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ವಾರ್ಷಿಕ ಮಹಾಸಭೆಯ ನೋಟೀಸು, ಹೋದ ವರ್ಷದ ವರದಿ, ತಾಳಮದ್ದಳೆಯ ಆಮಂತ್ರಣ, ದಾನಿಗಳ ಪಟ್ಟಿ, ಸ್ಮರಣ ಸಂಚಿಕೆ. ಯಾರೂ ಸಂಬಳ ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಮೈಸೂರು ಅಸೋಸಿಯೇಶನ್ನಿನ ‘ನೇಸರು’, ಬಂಟರ ಸಂಘದ ‘ಬಂಟರವಾಣಿ’, ಬಿಲ್ಲವರ ಎಸೋಸಿಯೇಶನ್ನಿನ ‘ಅಕ್ಷಯ’, ಮೊಗವೀರರ ‘ಮೊಗವೀರ’ ಮುಂತಾದ ಪತ್ರಿಕೆಗಳನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಇಂಥ ದಣಿದ ಬೆರಳುಗಳು.

ದಣಿದ ಬೆರಳಿಗೆ ಯಂತ್ರ ತಾನಾಗಿ ಕೈಜೋಡಿಸಿದರೆ ಅದಕ್ಕಿಂತ ಉಪಕಾರ ಬೇರೆ ಯಾವುದಿದೆ? ವರ್ಡ್ ತಂತ್ರಾಂಶದಲ್ಲಿ ಆಟೋಕರೆಕ್ಟ್ ಬಂದದ್ದು 1993ರಲ್ಲಿ, ಅದರ ಆರನೆಯ ಆವೃತ್ತಿಯಲ್ಲಿ. ಅವಸರದಲ್ಲಿ ಅಕ್ಷರ ಹಿಂದುಮುಂದಾದರೆ ತಾನೇ ಸರಿಮಾಡುವುದು, ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವುದು ಅದರ ಕೆಲಸ. ಇಂಗ್ಲಿಷ್ ಬರೆಯುವವರಿಗೆ ಇದು ನಿಜಕ್ಕೂ ವರ. ಕನ್ನಡಕ್ಕೆ ಬಂದಾಗ ಏನಾಯಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಕ್ಕೆ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ನುಡಿಯ ಹಳೆಯ ಫಾಂಟನ್ನೇ ತೆಗೆದುಕೊಳ್ಳಿ. ‘ಅ’ ಇರುವುದು ಇಂಗ್ಲಿಷಿನ ದೊಡ್ಡ ‘ಸಿ’ ಜಾಗದಲ್ಲಿ. ‘ನ’ಕಾರದ ಒಡಲು ಬ್ರಿಟಿಷ್ ಪೌಂಡಿನ ಚಿಹ್ನೆಯಲ್ಲಿ, ‘ಪ’ಕಾರದ್ದು ಜಪಾನಿನ ಯೆನ್ನಿನಲ್ಲಿ. ‘ಬಿ’ ಕೂತದ್ದು ಕಾಪಿರೈಟ್ ಚಿಹ್ನೆಯ ಮೇಲೆ. ಕಣ್ಣಿಗೆ ಕಾಣುವುದು ಕನ್ನಡ, ಯಂತ್ರಕ್ಕೆ ತಿಳಿಯುವುದು ಪೌಂಡು, ಯೆನ್ನು, ಎ, ಬಿ, ಸಿ. ಹಾಗಾಗಿ ಅದು ಇಡೀ ಪುಟದ ಕೆಳಗೆ ಕೆಂಪು ಗೆರೆ ಎಳೆಯುತ್ತಿತ್ತು. ಅದರ ಲೆಕ್ಕದಲ್ಲಿ ಅಲ್ಲಿದ್ದದ್ದು ತಪ್ಪುತಪ್ಪು ಇಂಗ್ಲಿಷ್.

ಕೆಂಪು ಗೆರೆ ಕಾಗದದ ಮೇಲೆ ಬರುವುದಿಲ್ಲ, ಅದನ್ನು ಸಹಿಸಬಹುದು. ಕಷ್ಟ ಬಂದದ್ದು ಹೆಸರುಗಳಿಗೆ. ನಮ್ಮಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ, ಅದರ ಬೆನ್ನಿಗೇ ಚುಕ್ಕಿ. ‘ಡಾ.’ ಎಂದರೂ ಚುಕ್ಕಿ. ಚುಕ್ಕಿ ಕಂಡದ್ದೇ ವಾಕ್ಯ ಮುಗಿಯಿತು ಎಂದುಕೊಳ್ಳುವ ಯಂತ್ರ ಮುಂದಿನ ಅಕ್ಷರವನ್ನು ದೊಡ್ಡದು ಮಾಡಹೊರಡುತ್ತದೆ. ನುಡಿ ಫಾಂಟಿನಲ್ಲಿ ‘ರ’ಕಾರ ಇರುವುದು ಸಣ್ಣ ‘ಜಿ’ಯಲ್ಲಿ. ದೊಡ್ಡ ‘ಜಿ’ಯಲ್ಲಿರುವುದು ‘ಉ’. ಅಲ್ಲಿಗೆ ‘ರಾವ್’ ಎಂಬುದರ ‘ರ’ ಹೋಗಿ ‘ಉ’ ಬಂದು, ಅದರ ಪಕ್ಕದಲ್ಲಿ ದೀರ್ಘವೊಂದು ಅನಾಥವಾಗಿ ನಿಲ್ಲುತ್ತದೆ. ‘ರೈ’ಗಳಿಗೂ ಇದೇ ಗತಿ. ಶೆಟ್ಟಿ, ಪೂಜಾರಿ, ಸುವರ್ಣ ಎಂಬವರಿಗೆ ಏನೂ ಆಗುವುದಿಲ್ಲ, ಏಕೆಂದರೆ ಆ ಹೆಸರುಗಳ ಮೊದಲ ಅಕ್ಷರ ಕೂತಿರುವುದು ಚಿಹ್ನೆಗಳ ಮೇಲೆ. ಚಿಹ್ನೆಯಲ್ಲಿ ಸಣ್ಣದು ದೊಡ್ಡದು ಎಂಬುದಿಲ್ಲ. ಕೋಟ್ಯಾನರೂ ಕ್ಷೇಮ, ‘ಕ’ ಮೊದಲೇ ದೊಡ್ಡ ‘ಪಿ’ಯಲ್ಲಿದೆ. ದಾನಿಗಳ ಪಟ್ಟಿ ಟೈಪು ಮಾಡಿದ ಹುಡುಗನನ್ನು ಕೇಳಿದರೆ, “ನಾನು ರಾ ಅಂತಲೇ ಹೊಡೆದದ್ದು ಅಣ್ಣ, ಅದು ಉ ಮಾಡ್ತದೆ” ಎನ್ನುತ್ತಿದ್ದ. ಅವನು ಹೇಳಿದ್ದು ಅಕ್ಷರಶಃ ನಿಜ. ಹತ್ತಾರು ವರ್ಷ ಸಂಘಕ್ಕಾಗಿ ದುಡಿದವರೊಬ್ಬರು ಸ್ಮರಣ ಸಂಚಿಕೆ ತೆರೆದು ತಮ್ಮ ಹೆಸರು ಹೀಗೆ ಮುರಿದು ಬಿದ್ದದ್ದನ್ನು ಕಂಡರೆ ಏನನಿಸಬೇಡ! ಅದು ಅಚ್ಚಾಗಿ ಮನೆಮನೆಗೆ ಹೋಗಿ ಆಗಿರುತ್ತದೆ.

ಕನ್ನಡದ ಕೀಲಿಮಣೆಯನ್ನು ನಮ್ಮ ನಾಲಿಗೆಗೆ ಹೊಂದುವಂತೆ ರೂಪಿಸಿಕೊಟ್ಟ ಕಿನ್ನಿಕಂಬಳ ಪದ್ಮನಾಭ ರಾವ್ ಅವರನ್ನು ನಾವೆಲ್ಲ ಕರೆಯುವುದು ಕೆ. ಪಿ. ರಾವ್ ಎಂದೇ. ಎರಡು ಚುಕ್ಕಿ, ಆಮೇಲೆ ‘ರಾ’. ಈ ಅವಘಡಕ್ಕೆ ತಕ್ಕ ಹೆಸರು! ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಮೂಲಾಕ್ಷರ ಒತ್ತು, ಆಮೇಲೆ ಸ್ವರ ಒತ್ತು, ಗುಣಿತವನ್ನು ಯಂತ್ರವೇ ಕೂಡಿಸಿಕೊಳ್ಳಲಿ ಎಂಬುದು ಅವರ ವಿನ್ಯಾಸದ ತಿರುಳು. ಕರ್ನಾಟಕ ಸರ್ಕಾರ ಒಪ್ಪಿಕೊಂಡ ಕೀಲಿಮಣೆಗೂ ಅದೇ ಆಧಾರ. ತಾನಾಗಿ ಆಗುವ ಕೆಲಸ ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ‘ಕ’ದ ಮೇಲೆ ‘ಇ’ ಬಂದರೆ ‘ಕಿ’ ಆಗಲೇಬೇಕು. ಅದು ಭಾಷೆಯ ನಿಯಮ. ಚುಕ್ಕಿಯ ಮೇಲೆ ‘ರ’ ಬಂದರೆ ‘ಉ’ ಆಗಬೇಕು ಎಂಬುದು ಯಾವ ಭಾಷೆಯ ನಿಯಮವೂ ಅಲ್ಲ.

ಪ್ರತಿ ಲಿಪಿಗೂ ಅದರದೇ ಜಾಗ ಕೊಡುವ ಯೂನಿಕೋಡಿನಲ್ಲಿ ಈ ಕಷ್ಟ ಬೇರುಸಹಿತ ಹೋಯಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಠಾರ ಸಿಕ್ಕಿತು. ‘ರ’ ಎಂದರೆ ‘ರ’, ಅದಕ್ಕೆ ದೊಡ್ಡ ರೂಪ ಸಣ್ಣ ರೂಪ ಇಲ್ಲವೆಂದು ಯಂತ್ರಕ್ಕೂ ಗೊತ್ತು. ವಿಂಡೋಸಿನ ಜೊತೆಗೆ ಬಂದ ತುಂಗಾ ಎಂಬ ಯೂನಿಕೋಡ್ ಫಾಂಟು ರೂಪುಗೊಂಡದ್ದು ಮುಂಬಯಿಯ ಅಕ್ಷರ ವಿನ್ಯಾಸಕಾರ ಆರ್. ಕೆ. ಜೋಶಿಯವರ ನಿರ್ದೇಶನದಲ್ಲಿ. ಪವಾಯಿಯ ಐಐಟಿಯಲ್ಲಿ ಕಲಿಸಿದ ಈ ಮರಾಠಿ ಮನುಷ್ಯ ನಮ್ಮ ತಲೆಕಟ್ಟಿನ, ಒತ್ತಕ್ಷರದ ಅಂದಚಂದಕ್ಕೆ ತಲೆಕೆಡಿಸಿಕೊಂಡರು. ಮುಂಬಯಿ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ ಇದು.

ಯೂನಿಕೋಡಿಗೆ ಬಂದ ಮೇಲೆ ಆಟೋಕರೆಕ್ಟ್ ನಮ್ಮ ಆಳಾಗಬಲ್ಲದು. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಅಲ್ಲಿಂದ ಆಟೋಕರೆಕ್ಟ್ ಆಪ್ಷನ್ಸ್ ಒಳಗೆ ಹೋದರೆ ಎರಡು ಖಾನೆಗಳಿವೆ. ಎಡಗಡೆ ‘ಗೌಪ್ರಕಾ’ ಎಂದು ಬರೆದು ಬಲಗಡೆ ‘ಗೌರವ ಪ್ರಧಾನ ಕಾರ್ಯದರ್ಶಿ’ ಎಂದು ಕೊಟ್ಟುಬಿಡಿ. ಮುಂದೆ ‘ಗೌಪ್ರಕಾ’ ಎಂದು ಹೊಡೆದು ಸ್ಪೇಸ್ ಒತ್ತಿದರೆ ಸಾಕು, ಪೂರ್ತಿ ಪದವಿ ಹಾಜರು. ಸಭಾಗೃಹದ ಉದ್ದದ ವಿಳಾಸ, ಸಂಘದ ಪೂರ್ತಿ ಹೆಸರು ಎಲ್ಲವನ್ನೂ ಹೀಗೇ ಕಲಿಸಬಹುದು. ಎಡಗಡೆಯ ಮಾತು ಬೇರೆಲ್ಲೂ ಪದವಾಗಿ ಬರುವಂಥದ್ದಾಗಿರಬಾರದು, ಅಷ್ಟು ನೋಡಿಕೊಂಡರೆ ಆಯಿತು.

ಊರಿನ ಹೆಸರುಗಳ ವಿಷಯದಲ್ಲಿ ಮಾತ್ರ ಕಣ್ಣು ಯಂತ್ರದ ಮೇಲಿರಬೇಕು. ಒಂದೇ ವರದಿಯಲ್ಲಿ ‘ಮುಂಬಯಿ’, ‘ಮುಂಬೈ’, ‘ಬೊಂಬಾಯಿ’ ಮೂರೂ ಇರುತ್ತವೆ. ಹುಡುಕಿ ಎಲ್ಲವನ್ನೂ ಒಮ್ಮೆಲೇ ಬದಲಿಸುವ ಗುಂಡಿ ಕೈಗೆ ಸಿಕ್ಕರೆ ಯಾರಿಗೂ ಆಸೆಯಾಗುತ್ತದೆ. ಹಿರಿಯರೊಬ್ಬರು ತಮ್ಮ ನೆನಪಿನಲ್ಲಿ ಬೇಕೆಂದೇ ‘ಬೊಂಬಾಯಿ’ ಎಂದು ಬರೆದಿದ್ದರೆ ಅದೂ ಬದಲಾಗಿಬಿಡುತ್ತದೆ. ಹಳೆಯ ಪುಸ್ತಕದ ಶೀರ್ಷಿಕೆಯೂ ಹೋಗುತ್ತದೆ. ಒಂದೊಂದನ್ನೇ ನೋಡಿ ಬದಲಿಸುವುದೇ ಸರಿ. ‘ಘಾಟ್‌ಕೋಪರ್’ ಇನ್ನೊಂದು. ಟಕಾರಕ್ಕೆ ಕಕಾರದ ಒತ್ತು ಬಿದ್ದು ‘ಘಾಟ್ಕೋಪರ್’ ಆಗದಿರಲು ನಡುವೆ ಕಣ್ಣಿಗೆ ಕಾಣದ ಒಂದು ತಡೆಯಕ್ಷರ ಹಾಕಬೇಕು. ಒಬ್ಬರು ಹಾಕಿ ಇನ್ನೊಬ್ಬರು ಹಾಕದಿದ್ದರೆ ಸದಸ್ಯರ ಪಟ್ಟಿಯಲ್ಲಿ ಆ ಊರನ್ನು ಹುಡುಕುವಾಗ ಅರ್ಧ ಸದಸ್ಯರು ಸಿಗದೇ ಹೋಗಬಹುದು. ಸಂಘದವರು ಒಮ್ಮೆ ಕೂತು, ನಮ್ಮಲ್ಲಿ ಹೀಗೆ ಬರೆಯುವುದು ಎಂದು ತೀರ್ಮಾನಿಸಿ, ಆ ರೂಪವನ್ನೇ ಆಟೋಕರೆಕ್ಟಿಗೆ ಕೊಡುವುದು ಒಳ್ಳೆಯದು.

ಇನ್ನು ವಿನ್ಯಾಸ. ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ನೌಕರಿ ಮಾಡಿಕೊಂಡೇ ಸಂಪ್ರಬಂಧ, ಮಹಾಪ್ರಬಂಧ ಬರೆಯುವವರು ಬಹಳ ಮಂದಿ. ಅವರಿಗೆ ನಾನು ಹೇಳುವುದು ಒಂದೇ: ಮೊದಲ ದಿನವೇ ಶೀರ್ಷಿಕೆಗಳಿಗೆ ಸ್ಟೈಲ್ ಕೊಡಿ. ಅಕ್ಷರ ದೊಡ್ಡದು ಮಾಡಿ, ದಪ್ಪ ಮಾಡಿ, ನಡುವಿಗೆ ತಂದರೆ ಅದು ನೋಡುವವರಿಗೆ ಮಾತ್ರ ಶೀರ್ಷಿಕೆ, ಯಂತ್ರಕ್ಕೆ ಅದೂ ಇನ್ನೊಂದು ಸಾಲು ಅಷ್ಟೇ. ಹೆಡಿಂಗ್ ಸ್ಟೈಲ್ ಕೊಟ್ಟರೆ ಪರಿವಿಡಿ ತಾನಾಗಿ ಸಿದ್ಧವಾಗುತ್ತದೆ. ಮಾರ್ಗದರ್ಶಕರು ನಡುವೆ ಹತ್ತು ಪುಟ ಸೇರಿಸಿ ಎಂದರೂ ಒಂದು ಕ್ಲಿಕ್ಕಿಗೆ ಪುಟಸಂಖ್ಯೆಗಳೆಲ್ಲ ಸರಿಯಾಗುತ್ತವೆ. ಅಡಿಟಿಪ್ಪಣಿಯೂ ಹಾಗೆಯೇ, ಪ್ಯಾರಾ ಎಲ್ಲಿಗೆ ಹೋದರೂ ಅದರ ಹಿಂದೆಯೇ ಹೋಗಿ ಹೊಸ ಅಂಕೆ ಪಡೆಯುತ್ತದೆ. ಕೈಯಿಂದ ಚುಕ್ಕಿ ಚುಕ್ಕಿ ಒತ್ತಿ ಪರಿವಿಡಿ ಮಾಡಿದವರು ಕೊನೆಯ ವಾರ ಪಡುವ ಪಾಡು ನೋಡಲಾಗುವುದಿಲ್ಲ.

ಒಂದು ಸೂಕ್ಷ್ಮವಿದೆ. ಸ್ಟೈಲ್ ರೂಪಿಸುವಾಗ ವರ್ಡ್ ಫಾಂಟಿಗೆ ಎರಡು ಜಾಗ ಇಟ್ಟಿದೆ, ಲ್ಯಾಟಿನ್ ಲಿಪಿಗೊಂದು, ಕನ್ನಡದಂಥ ಸಂಕೀರ್ಣ ಲಿಪಿಗಳಿಗೊಂದು. ಮೊದಲನೆಯದರಲ್ಲಿ ಮಾತ್ರ ಅಳತೆ ಬದಲಿಸಿದರೆ ಇಂಗ್ಲಿಷ್ ಅಕ್ಷರ ದೊಡ್ಡದಾಗಿ ಕನ್ನಡ ಇದ್ದ ಹಾಗೆಯೇ ಉಳಿಯುತ್ತದೆ. ಫಾಂಟೇ ಕೆಟ್ಟಿದೆ ಎಂದು ಬೈದುಕೊಳ್ಳುವ ಮುಂಚೆ ಎರಡನೆಯ ಖಾನೆಯನ್ನು ನೋಡಬೇಕು. ಲಿಬ್ರೆ ಆಫೀಸಿನಲ್ಲೂ ಇಂಥದೇ ಪ್ರತ್ಯೇಕ ಖಾನೆ ಇದೆ.

ಇಷ್ಟೆಲ್ಲ ಅನುಕೂಲ ಯೂನಿಕೋಡಿನಲ್ಲಿ ಬರೆದ ಕನ್ನಡಕ್ಕೆ. ಹಳೆಯ ಫಾಂಟುಗಳಲ್ಲಿ ಕೂಡಿಸಿಟ್ಟ ಸಂಚಿಕೆಗಳು, ಮಹಾಸಭೆಯ ನಿರ್ಣಯಗಳು, ಯಕ್ಷಗಾನ ಮಂಡಳಿಗಳ ಕಾರ್ಯಕ್ರಮ ಪಟ್ಟಿಗಳು ಇಂದಿಗೂ ಸಿಡಿಗಳಲ್ಲಿ, ಪೆನ್‌ಡ್ರೈವ್‌ಗಳಲ್ಲಿ ಪೌಂಡು ಯೆನ್ನುಗಳಾಗಿಯೇ ಬಿದ್ದಿವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಅಕ್ಷರವೂ ಓದಲಾಗದು, ಹುಡುಕಿದರೆ ಒಂದು ಹೆಸರೂ ಸಿಗದು. ಮುಂಬಯಿಯಲ್ಲಿ ಕನ್ನಡಿಗರು ಹೇಗೆ ಬಾಳಿದರು ಎಂದು ನಾಳೆ ಬರೆಯುವವರಿಗೆ ಬೇಕಾದ ದಾಖಲೆ ಇದೇ.

ಪರಿವರ್ತಿಸುವ ಸಲಕರಣೆ ಈಗ ಸುಲಭವಾಗಿ ಸಿಗುತ್ತದೆ, ಬರಹ ತಂತ್ರಾಂಶದಲ್ಲೇ ಇದೆ. ಅರ್ಕಾವೊತ್ತಿನ ಕಡೆ ಮಾತ್ರ ಗಮನವಿರಲಿ. ಹಳೆಯ ಫಾಂಟಿನಲ್ಲಿ ಅದನ್ನು ಅಕ್ಷರದ ಹಿಂದೆ ಇಟ್ಟಿದ್ದರು, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಅದಲುಬದಲಾಗುವಾಗ ಅಲ್ಲಲ್ಲಿ ತಪ್ಪುವುದುಂಟು. ಆದ್ದರಿಂದ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ: ಈ ವರ್ಷದ ಸ್ಮರಣ ಸಂಚಿಕೆ ಶುರುಮಾಡುವ ಮೊದಲು ಹಳೆಯ ಕಡತಗಳನ್ನು ಯೂನಿಕೋಡಿಗೆ ತನ್ನಿ, ಕನ್ನಡ ಬಲ್ಲ ಇಬ್ಬರನ್ನು ಕೂರಿಸಿ ಓದಿಸಿ, ಹೆಸರುಗಳ ಪಟ್ಟಿಯನ್ನು ಎರಡು ಸಲ ಓದಿಸಿ.